ಉಳುಮೆ ಇಲ್ಲದ ಮೇವಿನ ತಾಕಿಗೆ ರೆಡಿ ಬೀಜದ ಚೀಲ: ಬಿತ್ತಿ ನೋಡಿದ ಮೇಲೆ ನನ್ನ ಮಾತು

ಚೀಲದ ಮೇಲೆ ಕೊಂಬು ಎತ್ತಿ ನಿಂತ ಜಿಂಕೆಯ ದೊಡ್ಡ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಮಾತು: ಉಳುವುದು ಬೇಡ, ಎರಚಿದರೆ ಸಾಕು. ಕಾಡುಪ್ರಾಣಿಗಳಿಗೆ ಮೇವು ಬೆಳೆಸುವವರ ನಡುವೆ ಇಂಥ ರೆಡಿ ಮಿಶ್ರಣಗಳು ಈಗ ಜಾಸ್ತಿ ಓಡುತ್ತಿವೆ. ನಾನು ವರ್ಷಗಳಿಂದ ಉಳದೆಯೇ ಮೇವಿನ ತಾಕು ಮಾಡಿಕೊಂಡು ಬಂದವನು. ಬೀಜಗಳನ್ನು ಬೇರೆ ಬೇರೆಯಾಗಿ ಕೊಂಡು, ನಾನೇ ಬೆರೆಸಿ ಬಿತ್ತುವುದು ನನ್ನ ರೂಢಿ. ಆದರೆ "ಈ ಚೀಲ ತಗೋಬಹುದಾ?" ಅಂತ ಕೇಳುವವರು ಹೆಚ್ಚಾದರು. ಬಿತ್ತದೆ ಅಭಿಪ್ರಾಯ ಹೇಳುವುದು ಸರಿಯಲ್ಲ ಅಲ್ವಾ? ಹಾಗಾಗಿ ಒಂದು ಚೀಲ ತರಿಸಿದೆ. ತಾಕಿನ ಅರ್ಧಕ್ಕೆ ಅದನ್ನು ಹಾಕಿದೆ, ಇನ್ನರ್ಧಕ್ಕೆ ನನ್ನ ಮಿಶ್ರಣ ಹಾಕಿದೆ. ಒಂದೇ ದಿನ, ಒಂದೇ ಮಣ್ಣು, ಒಂದೇ ಮಳೆ.

ಕಂಪನಿಯ ಹೆಸರು ಇಲ್ಲಿ ಹೇಳುವುದಿಲ್ಲ. ಇಂಥ ಚೀಲಗಳು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ. ಚೀಲದ ಹಿಂದಿನ ಪಟ್ಟಿ ಓದಲು ಬಂದರೆ ಯಾವ ಕಂಪನಿಯದ್ದಾದರೂ ನೀವೇ ತೂಗಿ ನೋಡಬಹುದು. ನನ್ನ ತೀರ್ಮಾನ ಮೊದಲೇ ಹೇಳುತ್ತೇನೆ. ಉಳದೆ ಬಿತ್ತುವ ವಿಧಾನಕ್ಕೆ ನನ್ನಿಂದ ಪೂರ್ತಿ ಅಂಕ. ಈ ಚೀಲಕ್ಕೆ ಅರ್ಧಕ್ಕಿಂತ ಕಡಿಮೆ.

ನನ್ನ ತಾಕು ಕಾಡಿನ ಅಂಚಿನಲ್ಲಿರುವ ಇಳಿಜಾರು. ಉದ್ದಕ್ಕೆ, ಸಪೂರವಾಗಿ, ಮರಗಳ ಸಾಲಿಗೆ ತಾಗಿಕೊಂಡು ಹೋಗುತ್ತದೆ. ನಡುವೆ ಒಂದು ಸಣ್ಣ ತಿರುವು ಇದೆ. ಜಿಂಕೆಗಳಿಗೆ ಬಯಲಿನ ನಡುವೆ ಬರುವುದಕ್ಕೆ ಹೆದರಿಕೆ. ಮರೆ ಹತ್ತಿರ ಇದ್ದರೆ ಹಗಲಲ್ಲೂ ಬರುತ್ತವೆ. ಮೊಲ ಬರುತ್ತವೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಬರುತ್ತವೆ, ಹೂ ಬಿಟ್ಟಾಗ ಜೇನು ಮುತ್ತುತ್ತದೆ. ಇಂಥ ಇಳಿಜಾರನ್ನು ಉತ್ತರೆ ಮೊದಲ ದೊಡ್ಡ ಮಳೆಗೇ ಮೇಲ್ಮಣ್ಣು ಕೆಳಗಿನ ತೊರೆಗೆ ಹೋಗುತ್ತದೆ. ಅದೊಂದೇ ಕಾರಣ ಸಾಕಿತ್ತು. ಆದರೆ ಬೇರೆ ಕಾರಣಗಳೂ ಇವೆ.

ಮಣ್ಣಿನೊಳಗೆ ಕಳೆ ಬೀಜಗಳು ವರ್ಷಗಟ್ಟಲೆ ಮಲಗಿರುತ್ತವೆ. ಅವುಗಳಲ್ಲಿ ಬಹಳಷ್ಟಕ್ಕೆ ಮೊಳೆಯಲು ಬೆಳಕು ಬೇಕು. ನೇಗಿಲು ಮಣ್ಣು ತಿರುವಿದಾಗ ಸಿಗುವ ಕ್ಷಣದ ಬೆಳಕೂ ಕೆಲವಕ್ಕೆ ಸಾಕಾಗುತ್ತದೆ. ಹೊಸದಾಗಿ ಉತ್ತ ತಾಕಿನಲ್ಲಿ ಕಳೆ ಯಾಕೆ ನುಗ್ಗಿ ಬರುತ್ತದೆ ಅನ್ನುವುದಕ್ಕೆ ಇದೇ ದೊಡ್ಡ ಕಾರಣ. ಎರೆಹುಳುಗಳು ಕೊರೆದ ಬಿಲಗಳಿಂದ ಮಳೆನೀರು ಬೇಗ ಆಳಕ್ಕೆ ಇಳಿಯುತ್ತದೆ. ಉತ್ತರೆ ಅವು ಮುಚ್ಚಿಹೋಗುತ್ತವೆ. ಬೇರಿಗೆ ಅಂಟಿಕೊಂಡು ದೂರದ ರಂಜಕವನ್ನು ಗಿಡಕ್ಕೆ ತಂದುಕೊಡುವ ಮೈಕೊರೈಜಾ ಶಿಲೀಂಧ್ರದ ಎಳೆಗಳೂ ತುಂಡಾಗುತ್ತವೆ. ತಿರುವಿದ ಮಣ್ಣಿಗೆ ಗಾಳಿ ಹೊಕ್ಕು, ಸಾವಯವ ಅಂಶ ಬೇಗ ಕರಗುತ್ತದೆ.

ಇದು ಹೊಸ ಮಾತೂ ಅಲ್ಲ. 1962ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಹ್ಯಾರಿ ಯಂಗ್ ಎಂಬ ರೈತ ಮುಕ್ಕಾಲು ಎಕರೆಗೂ ಕಡಿಮೆ ಜಾಗದಲ್ಲಿ ಉಳದೆ ಮೆಕ್ಕೆಜೋಳ ಬೆಳೆದು ತೋರಿಸಿದರು. ಆಮೇಲೆ ಬ್ರೆಜಿಲ್, ಅರ್ಜೆಂಟೀನಾದ ರೈತರು ಇದನ್ನು ಕೋಟಿಗಟ್ಟಲೆ ಎಕರೆಗೆ ಒಯ್ದರು. ಮೇವಿನ ತಾಕು ಮಾಡುವವರಿಗೆ ಅವರಷ್ಟು ದೊಡ್ಡ ಯಂತ್ರ ಬೇಕಿಲ್ಲ. ಜಿಂಕೆಗೆ ಸಾಲು ನೇರ ಇರಬೇಕಿಲ್ಲ, ಇಳುವರಿ ಲೆಕ್ಕವೂ ಬೇಕಿಲ್ಲ. ನಿಂತ ಹುಲ್ಲಿನೊಳಗೆ ಬೀಜ ಎರಚಬೇಕು, ಹುಲ್ಲನ್ನು ಅದರ ಮೇಲೇ ಕತ್ತರಿಸಿ ಮಲಗಿಸಬೇಕು, ಮಳೆಗೆ ಬಿಡಬೇಕು. ಮೂಲ ಕೆಲಸ ಇಷ್ಟೇ.

ಈಗ ಚೀಲದ ವಿಷಯಕ್ಕೆ ಬರೋಣ. ಚೀಲದ ಮುಂಭಾಗ ಬಿಡಿ, ತಿರುಗಿಸಿ ಹಿಂದೆ ನೋಡಿ. ಸಣ್ಣ ಅಕ್ಷರದ ಪಟ್ಟಿಯೊಂದು ಅಂಟಿಸಿರುತ್ತಾರೆ. ಯಾವ ಬೀಜ ತೂಕದಲ್ಲಿ ಶೇಕಡಾ ಎಷ್ಟು, ಮೊಳಕೆ ಪ್ರಮಾಣ ಎಷ್ಟು, ಕಸಕಡ್ಡಿ ಮತ್ತು ಲೇಪನ ಎಷ್ಟು, ಕಳೆ ಬೀಜ ಎಷ್ಟು, ಮೊಳಕೆ ಪರೀಕ್ಷೆ ಯಾವಾಗ ಆಗಿದೆ ಅನ್ನುವುದೆಲ್ಲ ಅದರಲ್ಲಿರುತ್ತದೆ. ನಾನು ತಂದ ಚೀಲದ ಪಟ್ಟಿಯಲ್ಲಿ ಮೊದಲ ಹೆಸರು ವಾರ್ಷಿಕ ರೈಗ್ರಾಸ್ ಎಂಬ ಹುಲ್ಲು. ತೂಕದಲ್ಲಿ ಹತ್ತಿರ ಹತ್ತಿರ ಅರ್ಧ. ಮುಂಭಾಗದಲ್ಲಿ ದೊಡ್ಡದಾಗಿ ಬರೆದಿದ್ದು ಕ್ಲೋವರ್ ಎಂಬ ದ್ವಿದಳ ಜಾತಿಯ ಮೇವಿನ ಗಿಡ ಮತ್ತು ಎಲೆಕೋಸಿನ ಜಾತಿಯ ಸೊಪ್ಪು. ಅವೆರಡೂ ಪಟ್ಟಿಯ ಕೆಳಗಿದ್ದವು.

ಹೆಸರು ಒಂದೇ ಥರ ಕೇಳಿಸಿದರೂ ರೈಗ್ರಾಸ್ ಮತ್ತು ನಾನು ಬಿತ್ತುವ ರೈ ಧಾನ್ಯ ಪೂರ್ತಿ ಬೇರೆ ಬೇರೆ ಗಿಡಗಳು. ರೈ ಧಾನ್ಯ ಗೋಧಿಯ ಹತ್ತಿರದ ನೆಂಟ. ಅದು ಚಳಿಗೆ ಹೆದರುವುದಿಲ್ಲ. ಮಣ್ಣು 1ರಿಂದ 3 ಡಿಗ್ರಿ ಸೆಲ್ಸಿಯಸ್ ಇದ್ದರೂ ಮೊಳೆಯುತ್ತದೆ. ಎಳೆಯ ಎಲೆಯನ್ನು ಜಿಂಕೆ ಇಷ್ಟಪಟ್ಟು ತಿನ್ನುತ್ತದೆ. ಬೇರು ಆಳಕ್ಕೆ ಹೋಗುತ್ತದೆ. ಅದು ಹೊರಬಿಡುವ ರಾಸಾಯನಿಕಗಳು ಸಣ್ಣ ಕಳೆ ಬೀಜಗಳ ಮೊಳಕೆಯನ್ನು ತಡೆಯುತ್ತವೆ. ಹೂ ಬಿಟ್ಟಾಗ ಬಗ್ಗಿಸಿ ಮುರಿದರೆ ಸಾಯುತ್ತದೆ, ಮುಂದಿನ ಬೆಳೆಗೆ ಹೊದಿಕೆಯಾಗುತ್ತದೆ. ರೈಗ್ರಾಸ್ ಬೇರೆಯೇ ಕುಲದ ಹುಲ್ಲು. ಬೇಗ ಹಸಿರಾಗುತ್ತದೆ, ದಟ್ಟವಾಗಿ ಹಬ್ಬುತ್ತದೆ, ಎಲ್ಲ ಕಡೆ ಬೀಜ ಉದುರಿಸುತ್ತದೆ. ಒಮ್ಮೆ ಬಂದರೆ ತೆಗೆಯುವುದು ಕಷ್ಟ. ಹಲವು ದೇಶಗಳಲ್ಲಿ ಕಳೆನಾಶಕಕ್ಕೂ ಬಗ್ಗದ ರೈಗ್ರಾಸ್ ಬೆಳೆದು ನಿಂತಿದೆ, ರೈತರಿಗೆ ದೊಡ್ಡ ತಲೆನೋವಾಗಿದೆ. ಹಸುವಿನ ಮೇವಾಗಿ ಅದು ಒಳ್ಳೆಯದೇ. ಜಿಂಕೆ ಕೂಡ ತಿನ್ನುವುದಿಲ್ಲ ಅಂತಲ್ಲ. ಪಕ್ಕದಲ್ಲಿ ಕ್ಲೋವರ್ ಇದ್ದರೆ ಅದನ್ನು ಬಿಟ್ಟು ಇದಕ್ಕೆ ಬಾಯಿ ಹಾಕುವುದು ಕಡಿಮೆ.

ಹಾಗಾದರೆ ಕಂಪನಿಗಳು ಅದನ್ನೇ ಯಾಕೆ ತುಂಬುತ್ತವೆ? ಅಗ್ಗ. ಮತ್ತೆ, ಎಲ್ಲಿ ಎರಚಿದರೂ ಹುಟ್ಟುತ್ತದೆ. ಕೊಂಡವರಿಗೆ ಒಂದೇ ವಾರದಲ್ಲಿ ನೆಲ ಹಸಿರು ಕಾಣುತ್ತದೆ. ಚೀಲ ಕೆಲಸ ಮಾಡಿತು ಅಂತ ಖುಷಿಯಾಗುತ್ತದೆ. ಹಸಿರು ಕಾಣುವುದಕ್ಕೂ ಪ್ರಾಣಿಗೆ ಆಹಾರ ಸಿಗುವುದಕ್ಕೂ ಇರುವ ಅಂತರ ಆಮೇಲೆ ತಿಳಿಯುತ್ತದೆ.

ಪಟ್ಟಿಯಲ್ಲಿ ಇನ್ನೊಂದು ವಿಷಯ ಗಮನಿಸಿ. ಶೇಕಡಾವಾರು ಲೆಕ್ಕ ತೂಕದ್ದು, ಬೀಜದ ಸಂಖ್ಯೆಯದ್ದಲ್ಲ. ಒಂದು ಕಿಲೋ ಬಿಳಿ ಕ್ಲೋವರ್‌ನಲ್ಲಿ ಸುಮಾರು 17 ಲಕ್ಷ ಬೀಜ ಇರುತ್ತವೆ. ಒಂದು ಕಿಲೋ ಕ್ರಿಮ್ಸನ್ ಕ್ಲೋವರ್‌ನಲ್ಲಿ 3 ಲಕ್ಷದ ಆಸುಪಾಸು. ರೈಗ್ರಾಸ್‌ನಲ್ಲಿ ಸುಮಾರು 5 ಲಕ್ಷ. ರೈ ಧಾನ್ಯದಲ್ಲಿ ಬರೀ 40 ಸಾವಿರ. ಅಂದರೆ ತೂಕದಲ್ಲಿ ಅರ್ಧ ರೈ ಧಾನ್ಯ ಇರುವ ಚೀಲಕ್ಕೂ ಅರ್ಧ ರೈಗ್ರಾಸ್ ಇರುವ ಚೀಲಕ್ಕೂ ಅಜಗಜಾಂತರ. ಮೊದಲನೆಯದರಲ್ಲಿ ರೈ ಗಿಡಗಳು ಅಲ್ಲಲ್ಲಿ ನಿಂತು ಕ್ಲೋವರ್‌ಗೆ ನೆರಳು ಕೊಡುತ್ತವೆ. ಎರಡನೆಯದರಲ್ಲಿ ಹುಲ್ಲು ಚಾಪೆಯಾಗಿ ಕ್ಲೋವರ್ ಅನ್ನು ಅದುಮಿಬಿಡುತ್ತದೆ.

ಆಮೇಲೆ ಲೇಪನ. ಕ್ಲೋವರ್ ಬೀಜಕ್ಕೆ ಸುಣ್ಣದ ಪುಡಿ, ಬೇರಿನಲ್ಲಿ ಗಾಳಿಯ ಸಾರಜನಕ ಹಿಡಿಯುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಎಲ್ಲ ಸೇರಿಸಿ ಮೇಲೊಂದು ಪದರ ಕೊಡುತ್ತಾರೆ. ತೂಕದ ಮೂರನೇ ಒಂದು ಭಾಗ ಲೇಪನವೇ ಆಗಿರುವುದು ಸಾಮಾನ್ಯ. ಕೆಲವದರಲ್ಲಿ ಅರ್ಧ. ಲೇಪನ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ತೇವ ಹಿಡಿಯಲು ಸಹಾಯ ಮಾಡುತ್ತದೆ, ರೈಜೋಬಿಯಂ ಹಚ್ಚುವ ಕೆಲಸ ಉಳಿಯುತ್ತದೆ. ಆದರೆ ಬೀಜದ ಬೆಲೆಗೆ ಸುಣ್ಣ ಕೊಳ್ಳುತ್ತಿದ್ದೇವೆ ಅನ್ನುವುದು ತಿಳಿದಿರಬೇಕು. ಲೆಕ್ಕ ಸುಲಭ. ಶುದ್ಧ ಬೀಜದ ಪ್ರಮಾಣವನ್ನು ಮೊಳಕೆ ಪ್ರಮಾಣದಿಂದ ಗುಣಿಸಿ. ಶುದ್ಧ ಬೀಜ ಶೇಕಡಾ 65, ಮೊಳಕೆ ಶೇಕಡಾ 85 ಇದ್ದರೆ ಕಿಲೋಗೆ ನಿಮಗೆ ಸಿಗುವ ಜೀವಂತ ಬೀಜ ಸುಮಾರು 550 ಗ್ರಾಂ. ಎರಡು ಚೀಲಗಳ ಬೆಲೆ ಹೋಲಿಸುವಾಗ ಈ ಸಂಖ್ಯೆಯನ್ನೇ ಇಟ್ಟುಕೊಳ್ಳಿ. ಕ್ಲೋವರ್ ಪಟ್ಟಿಯಲ್ಲಿ ಗಟ್ಟಿ ಬೀಜ ಅಂತ ಬೇರೆ ಲೆಕ್ಕವೂ ಇರುತ್ತದೆ. ಅದು ಸತ್ತ ಬೀಜವಲ್ಲ. ಸಿಪ್ಪೆ ಗಟ್ಟಿ ಇರುವುದರಿಂದ ತಡವಾಗಿ ಮೊಳೆಯುತ್ತದೆ. ಮೇವಿನ ತಾಕಿಗೆ ಅದು ಒಳ್ಳೆಯದೇ.

ನನ್ನ ಮಿಶ್ರಣ ಬಹಳ ಸರಳ. ಎಕರೆ ಲೆಕ್ಕದಲ್ಲಿ ರೈ ಧಾನ್ಯ 25 ಕಿಲೋ, ಕ್ರಿಮ್ಸನ್ ಕ್ಲೋವರ್ 5 ಕಿಲೋ, ಬಿಳಿ ಕ್ಲೋವರ್ ಒಂದೂವರೆ ಕಿಲೋ. ರೈ ಮೊದಲು ಮೇಲೆದ್ದು ಮೇವು ಕೊಡುತ್ತದೆ. ಚಳಿ ಮುಗಿದ ಮೇಲೆ ಕ್ರಿಮ್ಸನ್ ಕೆಂಪು ಹೂ ಬಿಟ್ಟು ಜೇನು ಕರೆಯುತ್ತದೆ. ಬಿಳಿ ಕ್ಲೋವರ್ ನೆಲಕ್ಕೆ ಅಂಟಿಕೊಂಡು ಮುಂದಿನ ವರ್ಷಗಳಿಗೂ ಉಳಿಯುತ್ತದೆ. ಕ್ಲೋವರ್‌ಗೆ ಅದರ ಗುಂಪಿಗೇ ಹೊಂದುವ ರೈಜೋಬಿಯಂ ಹಚ್ಚುತ್ತೇನೆ. ಬಿಸಿಲಿಗೆ ಇಟ್ಟರೆ ಆ ಜೀವಿಗಳು ಸಾಯುತ್ತವೆ. ನೆರಳಿನಲ್ಲೇ ಹಚ್ಚಿ ಆ ಹೊತ್ತೇ ಬಿತ್ತುವುದು ಒಳ್ಳೆಯದು.

ಬಿತ್ತುವ ದಿನ ತಾಕಿನಲ್ಲಿ ಮೊಣಕಾಲೆತ್ತರ ಹುಲ್ಲು, ಕಳೆ ಇತ್ತು. ಎರಚಲು ಬಳಸಿದ್ದು ಹೆಗಲಿಗೆ ಹಾಕುವ, ಕೈಯಿಂದ ತಿರುಗಿಸುವ ಬಿತ್ತನೆ ಚೀಲ. ಈ ಉಪಕರಣಕ್ಕೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಕ್ಯಾನ್ವಾಸ್ ಚೀಲ, ಕೆಳಗೆ ತಿರುಗುವ ತಟ್ಟೆ, ಬೀಜ ಬೀಳುವ ಕಿಂಡಿಗೆ ಒಂದು ಪಟ್ಟಿ. ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ. ಗೇರ್ ಲೋಹದ್ದಿರುವುದನ್ನೇ ತಗೊಳ್ಳಿ. ಪ್ಲಾಸ್ಟಿಕ್ ಗೇರ್ ಹಲ್ಲು ಬೇಗ ಸವೆಯುತ್ತದೆ.

ರೆಡಿ ಮಿಶ್ರಣದ ಇನ್ನೊಂದು ತೊಂದರೆ ಇಲ್ಲೇ ಗೊತ್ತಾಗುವುದು. ಭಾರದ ಬೀಜ ದೂರ ಹಾರುತ್ತದೆ, ಹಗುರದ್ದು ಹತ್ತಿರ ಬೀಳುತ್ತದೆ. ಜೊತೆಗೆ, ನಡೆಯುವಾಗ ಚೀಲ ಅಲ್ಲಾಡಿ ಸಣ್ಣ ಬೀಜಗಳು ತಳಕ್ಕೆ ಇಳಿಯುತ್ತವೆ. ಕ್ಲೋವರ್ ಎಲ್ಲ ಮೊದಲೇ ಬಿದ್ದು, ಕೊನೆಯ ಭಾಗಕ್ಕೆ ಬರೀ ಹುಲ್ಲಿನ ಬೀಜ ಉಳಿಯುತ್ತದೆ. ಬೇರೆ ಬೇರೆ ಕೊಂಡ ಬೀಜವಾದರೆ ಈ ಕಷ್ಟ ಇಲ್ಲ. ಮೊದಲು ಕಿಂಡಿ ಅಗಲ ಮಾಡಿ ರೈ ಎರಚುತ್ತೇನೆ. ಆಮೇಲೆ ಕಿಂಡಿ ಸಣ್ಣ ಮಾಡಿ, ಕ್ಲೋವರ್ ಅನ್ನು ಒಣ ಮರಳಿನಲ್ಲಿ ಬೆರೆಸಿ ಇನ್ನೊಂದು ಸುತ್ತು. ಅರ್ಧ ಬೀಜ ಉದ್ದಕ್ಕೆ ನಡೆಯುತ್ತಾ, ಇನ್ನರ್ಧ ಅಡ್ಡಕ್ಕೆ ನಡೆಯುತ್ತಾ ಹಾಕಿದರೆ ಖಾಲಿ ಜಾಗ ಉಳಿಯುವುದಿಲ್ಲ.

ಎರಚಿದ ಮೇಲೆ ಹುಲ್ಲು ಕತ್ತರಿಸಿದೆ. ಇದು ಇಡೀ ಕೆಲಸದ ಜೀವಾಳ. ಬೀಜ ಹುಲ್ಲಿನ ಬುಡಕ್ಕೆ ಇಳಿದಿರುತ್ತದೆ. ಮೇಲಿಂದ ಕತ್ತರಿಸಿದ ಹುಲ್ಲು ಬಿದ್ದು ತೇವ ಹಿಡಿದಿಡುತ್ತದೆ, ಹಕ್ಕಿಗಳ ಕಣ್ಣಿಗೆ ಬೀಜ ಕಾಣದಂತೆ ಮುಚ್ಚುತ್ತದೆ. ಹೊದಿಕೆ ತೀರಾ ದಪ್ಪ ಇರಬಾರದು. ಮೇಲಿಂದ ನೋಡಿದರೆ ಅಲ್ಲಲ್ಲಿ ಮಣ್ಣು ಇಣುಕಬೇಕು. ಉಂಡೆ ಕಟ್ಟಿದ ಜಾಗದಲ್ಲಿ ಕೈಯಿಂದ ಬಿಡಿಸಿ ಹರಡಬೇಕು, ಇಲ್ಲದಿದ್ದರೆ ಕ್ಲೋವರ್ ಕೆಳಗೇ ಬೆಳ್ಳಗಾಗಿ ಸಾಯುತ್ತದೆ. ಆಮೇಲೆ ನೀರು ತುಂಬುವ ಹುಲ್ಲುಹಾಸಿನ ರೋಲರ್ ಒಂದು ಸಲ ಎಳೆದೆ. ಬೀಜ ಮಣ್ಣಿಗೆ ಒತ್ತಿಕೊಳ್ಳಬೇಕು. ಮಣ್ಣಿಗೆ ತಾಗದ ಬೀಜ ಒಂದು ಸಲ ನೆನೆದು, ಒಣಗಿ, ಸುಮ್ನೆ ಹಾಳಾಗುತ್ತದೆ.

ಮತ್ತೆ ಮಳೆ. ಉಳದೆ ಬಿತ್ತುವವರು ದಿನಾಂಕ ನೋಡಬಾರದು, ಮೋಡ ನೋಡಬೇಕು. ಮಣ್ಣು ಆಗಲೇ ಸ್ವಲ್ಪ ಹಸಿ ಇರಬೇಕು, ಮುಂದೆ ಎರಡು ಮೂರು ದಿನ ಮಳೆ ಇರುವಂತಿರಬೇಕು. ಚೀಲದ ಮೇಲೆ "ಯಾವಾಗ ಬೇಕಾದರೂ ಎರಚಿ" ಅಂತ ಬರೆದಿದ್ದಾರೆ. ಇದು ತಪ್ಪು ಮಾಹಿತಿ. ಒಣ ನೆಲಕ್ಕೆ ಎರಚಿದ ಬೀಜ ಹಕ್ಕಿಗೆ, ಇರುವೆಗೆ ಹೋಗುತ್ತದೆ.

ನಮಗೆ ಮಳೆ ಚೆನ್ನಾಗಿ ಬಂತು. ಚೀಲದ ಅರ್ಧ ಮೊದಲು ಹಸಿರಾಯಿತು. ನೋಡಿದವರೆಲ್ಲ ಅದನ್ನೇ ಹೊಗಳಿದರು. ನನ್ನ ಅರ್ಧದಲ್ಲಿ ರೈ ಮೊಳಕೆ ಕೆಂಪಗೆ, ಸೂಜಿಯಂತೆ ಅಲ್ಲಲ್ಲಿ ಎದ್ದಿತ್ತು, ಅಷ್ಟೇ. ಚಳಿ ಹತ್ತಿರ ಬಂದಂತೆ ಚಿತ್ರ ಬದಲಾಯಿತು. ರೈಗ್ರಾಸ್ ಕಡೆ ಹುಲ್ಲು ಬಾಗಿಸಿ ನೋಡಿದರೆ ಕ್ಲೋವರ್ ಸಸಿಗಳು ಎರಡೆಲೆಗೇ ನಿಂತಿದ್ದವು, ಬೆಳಕಿಲ್ಲದೆ ತೆಳ್ಳಗಾಗಿದ್ದವು. ಎಲೆಕೋಸಿನ ಜಾತಿಯ ಗಿಡಗಳು ಮಾತ್ರ ಅಲ್ಲಲ್ಲಿ ತಲೆ ಎತ್ತಿದ್ದವು. ಅವು ಚೆನ್ನಾಗಿಯೇ ಬಂದವು ಅಂತ ಒಪ್ಪಿಕೊಳ್ಳಬೇಕು. ಹಿಮ ಬಿದ್ದ ಮೇಲೆ ಅವುಗಳ ಎಲೆಯಲ್ಲಿ ಸಕ್ಕರೆ ಅಂಶ ಹೆಚ್ಚುತ್ತದೆ. ಅಲ್ಲಿಯವರೆಗೆ ಮೂಸಿ ಬಿಟ್ಟಿದ್ದ ಜಿಂಕೆಗಳು ಆಗ ದಂಟಿನವರೆಗೂ ತಿಂದವು. ಚೀಲಕ್ಕೆ ಕೊಟ್ಟ ಅಂಕಗಳಲ್ಲಿ ಹೆಚ್ಚಿನವು ಇವಕ್ಕೇ.

ಯಾವ ಅರ್ಧವನ್ನು ಪ್ರಾಣಿಗಳು ಹೆಚ್ಚು ತಿಂದವು ಅಂತ ತಿಳಿಯಲು ತಂತಿ ಬಲೆಯ ಪಂಜರ ಬೇಕು. ಇದನ್ನು ಪ್ರತಿಯೊಬ್ಬರೂ ಮಾಡಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಒಂದು ಮೀಟರ್ ಅಗಲದ ಸುತ್ತು, ಎದೆಯೆತ್ತರ, ಎರಡು ಗೂಟ. ಅಷ್ಟೇ. ಒಳಗೆ ಪ್ರಾಣಿಗೆ ಬಾಯಿ ಹಾಕಲಾಗುವುದಿಲ್ಲ. ಒಳಗಿನ ಎತ್ತರ ಮತ್ತು ಹೊರಗಿನ ಎತ್ತರದ ಅಂತರವೇ ಅವು ತಿಂದ ಲೆಕ್ಕ. ಪಂಜರ ಇಲ್ಲದಿದ್ದರೆ ಚೆನ್ನಾಗಿ ತಿಂದು ಮುಗಿಸಿದ ತಾಕನ್ನು ನೋಡಿ ಬೀಜವೇ ಹುಟ್ಟಲಿಲ್ಲ ಅಂದುಕೊಳ್ಳುತ್ತೀರಿ. ಎರಡೂ ಅರ್ಧದಲ್ಲಿ ಒಂದೊಂದು ಇಟ್ಟೆ. ನನ್ನ ಮಿಶ್ರಣದ ಕಡೆ ಪಂಜರದೊಳಗೆ ರೈ ಮೊಣಕಾಲಿನ ಹತ್ತಿರ ಬಂದಿತ್ತು, ಕೆಳಗೆ ಕ್ಲೋವರ್ ಗುಪ್ಪೆಯಾಗಿತ್ತು. ಹೊರಗೆ ಎರಡನ್ನೂ ಬೆರಳೆತ್ತರಕ್ಕೆ ಮೇದಿದ್ದವು. ರೈಗ್ರಾಸ್ ಕಡೆ ಒಳಗೂ ಹೊರಗೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ತಾಕು ಹಸಿರಾಗಿಯೇ ಇತ್ತು, ಯಾಕೆಂದರೆ ಅದನ್ನು ಯಾರೂ ತಿನ್ನುತ್ತಿರಲಿಲ್ಲ.

ಕ್ಲೋವರ್ ಗಿಡ ಒಂದನ್ನು ಮಣ್ಣಿನ ಸಮೇತ ಮೆಲ್ಲಗೆ ಎತ್ತಿ ಬೇರು ನೋಡಿ. ಸಣ್ಣ ಗಂಟುಗಳಿರುತ್ತವೆ. ಉಗುರಿನಿಂದ ಒಡೆದಾಗ ಒಳಗೆ ಗುಲಾಬಿ ಬಣ್ಣ ಇದ್ದರೆ ರೈಜೋಬಿಯಂ ಗಾಳಿಯ ಸಾರಜನಕ ಹಿಡಿಯುತ್ತಿದೆ ಅಂತ ಅರ್ಥ. ಬಿಳಿ ಅಥವಾ ಹಸಿರು ಇದ್ದರೆ ಇನ್ನೂ ಶುರುವಾಗಿಲ್ಲ, ಇಲ್ಲವೇ ಮುಗಿದಿದೆ. ನನ್ನ ಕಡೆ ಗುಲಾಬಿ ಇತ್ತು. ಅದನ್ನು ಕಂಡಾಗಿನ ಸಂತೋಷ ಪ್ರತಿ ಸಲವೂ ಹೊಸದೇ. ಚೀಲದ ಕಡೆ ಗಂಟು ಹುಡುಕುವಷ್ಟು ದೊಡ್ಡ ಗಿಡವೇ ಸಿಗಲಿಲ್ಲ.

ಚಳಿ ಕಳೆದು ರೈ ಎದೆಯೆತ್ತರ ಬಂದು ಹೂ ಬಿಡುವಾಗ ಮುಂದಿನ ಕೆಲಸ. ಅದನ್ನು ಮಲಗಿಸಿ ಮುರಿಯಬೇಕು. ದೊಡ್ಡ ಹೊಲದವರಿಗೆ ಅದಕ್ಕೆ ಮೈಮೇಲೆ ಲೋಹದ ಪಟ್ಟಿಗಳಿರುವ ಉರುಳೆ ಇದೆ. ಬ್ರೆಜಿಲ್ ರೈತರು ಬಹಳ ಹಿಂದಿನಿಂದ ಬಳಸುತ್ತಿದ್ದರು. 2000ದ ದಶಕದ ಆರಂಭದಲ್ಲಿ ಅಮೆರಿಕದ ಸಾವಯವ ಕೃಷಿ ಸಂಶೋಧನಾ ಸಂಸ್ಥೆ ರೋಡೇಲ್ ಇನ್‌ಸ್ಟಿಟ್ಯೂಟ್ ಟ್ರ್ಯಾಕ್ಟರ್ ಮುಂದೆ ಕಟ್ಟುವ, ಓರೆ ಪಟ್ಟಿಗಳ ಉರುಳೆ ಮಾಡಿತು. ಪಟ್ಟಿ ಓರೆಯಾಗಿರುವುದರಿಂದ ಅದು ಕುಣಿಯದೆ ಸಾಗುತ್ತದೆ. ನನ್ನ ತಾಕಿಗೆ ಅದು ಬೇಕಿಲ್ಲ. ಒಂದು ಮೀಟರ್ ಉದ್ದದ ಹಲಗೆ, ಅಡಿಗೆ ಕಬ್ಬಿಣದ ಕೋನಪಟ್ಟಿ, ಎರಡು ತುದಿಗೆ ಹಗ್ಗ. ಹಗ್ಗ ಹಿಡಿದು, ಹಲಗೆ ಎತ್ತಿ ಮುಂದಿಟ್ಟು, ಕಾಲಿನಿಂದ ತುಳಿಯುವುದು. ಪ್ರತಿ ಗೇಣಿಗೆ ಒಂದು ತುಳಿತ. ದಂಟು ಮುರಿಯುತ್ತದೆ, ಕತ್ತರಿಸುವುದಿಲ್ಲ. ಕತ್ತರಿಸಿದರೆ ಬೇಗ ಕೊಳೆಯುತ್ತದೆ. ಮುರಿದು ಮಲಗಿಸಿದರೆ ಬೇರಿಗೆ ಅಂಟಿಕೊಂಡೇ ಒಣಗಿ ತಿಂಗಳುಗಟ್ಟಲೆ ನೆಲ ಮುಚ್ಚುತ್ತದೆ. ಸಮಯ ಮಾತ್ರ ತಪ್ಪಬಾರದು. ತೆನೆ ತಟ್ಟಿದರೆ ಪರಾಗದ ಪುಡಿ ಹಾರಬೇಕು. ಅದಕ್ಕೂ ಮೊದಲು ಮಲಗಿಸಿದರೆ ರೈ ಮತ್ತೆ ಎದ್ದು ನಿಲ್ಲುತ್ತದೆ.

ಮಲಗಿಸುವ ಮೊದಲು, ನಿಂತ ರೈ ಒಳಗೇ ಬಕ್‌ವೀಟ್ ಎಂಬ, ಬೇಗ ಬೆಳೆಯುವ ಕಾಳಿನ ಬೀಜ ಎರಚಿದೆ. ಎಕರೆಗೆ 25 ಕಿಲೋ ಲೆಕ್ಕ. ಮಣ್ಣು ಬೆಚ್ಚಗಿದ್ದರೆ ಕೆಲವೇ ದಿನಗಳಲ್ಲಿ ಮೊಳಕೆ, ಒಂದು ತಿಂಗಳ ಆಸುಪಾಸಿಗೆ ಬಿಳಿ ಹೂ. ಬೆಳಗಿನ ಹೊತ್ತು ತಾಕಿನ ತುಂಬ ಜೇನಿನ ಸದ್ದು. ಬೀಜ ಕಟ್ಟಿದ ಮೇಲೆ ನೆಲದ ಹಕ್ಕಿಗಳು ಬಂದವು. ಹೊದಿಕೆ ಕಳೆಯನ್ನು ನಿಜವಾಗಿ ತಡೆಯಬೇಕಾದರೆ ಎಕರೆಗೆ ಮೂರೂವರೆ ಟನ್ನಿನಷ್ಟು ಒಣ ರೈ ಬೇಕಾಗುತ್ತದೆ. ಜಿಂಕೆಗಳು ಮೇದ ತಾಕಿನಲ್ಲಿ ಅಷ್ಟು ಸಿಗುವುದು ಕಷ್ಟ. ಹಾಗಾಗಿ ಸ್ವಲ್ಪ ಕಳೆ ಇದ್ದೇ ಇರುತ್ತದೆ. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನಾವು ಕಳೆ ಅನ್ನುವ ಎಷ್ಟೋ ಗಿಡಗಳ ಎಳೆ ಚಿಗುರು ಜಿಂಕೆಗೆ ಒಳ್ಳೆಯ ಆಹಾರ. ಚೀಲದ ಅರ್ಧದಲ್ಲಿ ಆ ಹೊತ್ತಿಗೆ ರೈಗ್ರಾಸ್ ತೆನೆ ತುಂಬ ಬೀಜ. ಬೀಜ ಉದುರುವ ಮೊದಲೇ ಕತ್ತರಿಸಿ ಹೊರಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು.

ಉಳದೆ ಬಿತ್ತುವುದರಿಂದ ಆಗದ ಕೆಲಸಗಳೂ ಇವೆ. ಸೋಯಾ, ಬಟಾಣಿ, ಮೆಕ್ಕೆಜೋಳದಂಥ ದಪ್ಪ ಬೀಜ ಎರಚಿದರೆ ಹೆಚ್ಚಿನದು ಹಕ್ಕಿಗೆ ಹೋಗುತ್ತದೆ. ಅವಕ್ಕೆ ಮಣ್ಣು ಸೀಳಿ ಬೀಜ ಇಳಿಸುವ ಕೂರಿಗೆ ಯಂತ್ರ ಬೇಕು. ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಸುಣ್ಣದ ವಿಷಯ ಇನ್ನೊಂದು. ಕ್ಲೋವರ್‌ಗೆ ಮಣ್ಣಿನ ರಸಸಾರ (pH) 6ರಿಂದ 7ರ ನಡುವೆ ಇರಬೇಕು. ಮೇಲೆ ಹಾಕಿದ ಸುಣ್ಣ ಉಳದ ಮಣ್ಣಿನಲ್ಲಿ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ಹಾಗಾಗಿ ಬಿತ್ತುವ ವರ್ಷಕ್ಕೂ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕಿಡಬೇಕು. ಚೀಲದ ಮೇಲೆ ಮಣ್ಣು ಪರೀಕ್ಷೆಯ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಬೇಸರ ತಂದದ್ದು ರೈಗ್ರಾಸ್‌ಗಿಂತ ಇದು. ರಸಸಾರ 5ರ ನೆಲಕ್ಕೆ ಈ ಚೀಲ ಎರಚಿದವರಿಗೆ ರೈಗ್ರಾಸ್ ಬಿಟ್ಟು ಬೇರೇನೂ ಸಿಗುವುದಿಲ್ಲ. ಅವರು ವಿಧಾನವನ್ನೇ ಬೈದು ಮತ್ತೆ ನೇಗಿಲಿಗೆ ಹೋಗುತ್ತಾರೆ.

ನೆಲದಡಿ ಗೆಡ್ಡೆ, ಬಳ್ಳಿಯಿಂದ ಹಬ್ಬುವ ಬಹುವಾರ್ಷಿಕ ಹುಲ್ಲು ತಾಕು ತುಂಬಿದ್ದರೆ ಬರೀ ಕತ್ತರಿಸಿ ಪ್ರಯೋಜನವಿಲ್ಲ. ಅದು ಮತ್ತೆ ಚಿಗುರಿ ಹೊಸ ಸಸಿಗಳನ್ನು ನುಂಗುತ್ತದೆ. ಬಹಳ ಜನ ಅಲ್ಲಿ ಗ್ಲೈಫೊಸೇಟ್ ಎಂಬ ಕಳೆನಾಶಕ ಹೊಡೆಯುತ್ತಾರೆ. ನಾನು ಸಣ್ಣ ಜಾಗಗಳಲ್ಲಿ ಬೇಸಿಗೆಯಲ್ಲಿ ಕಪ್ಪು ಟಾರ್ಪಾಲು ಹಾಸಿ ವಾರಗಟ್ಟಲೆ ಬಿಟ್ಟು ಹುಲ್ಲನ್ನು ಸಾಯಿಸುತ್ತೇನೆ. ಆಮೇಲೆ ಬಕ್‌ವೀಟ್ ದಟ್ಟವಾಗಿ ಹಾಕುತ್ತೇನೆ. ನಿಧಾನ, ಆದರೆ ತೊರೆಯ ಪಕ್ಕದ ಜಾಗದಲ್ಲಿ ನನಗೆ ಇದೇ ಸರಿ. ಹೊದಿಕೆ ಕೆಳಗೆ ಚಿಪ್ಪಿಲ್ಲದ ಬಸವನಹುಳು, ಇಲಿಗಳೂ ಸೇರಿಕೊಳ್ಳುತ್ತವೆ. ಮಳೆ ಜಾಸ್ತಿಯಾದ ವರ್ಷ ಈ ಬಸವನಹುಳುಗಳು ಕ್ಲೋವರ್ ಸಸಿಗಳನ್ನು ಸಾಲಾಗಿ ತಿಂದುಬಿಡುತ್ತವೆ. ಇದಕ್ಕೆ ಸುಲಭದ ಪರಿಹಾರ ಇಲ್ಲ. ಬೀಜ ಸ್ವಲ್ಪ ಉಳಿಸಿಕೊಂಡು ಖಾಲಿಯಾದ ಕಡೆ ಮತ್ತೆ ಎರಚುವುದೇ. ಚಳಿಯ ಕೊನೆಯಲ್ಲಿ, ರಾತ್ರಿ ನೆಲ ಹೆಪ್ಪುಗಟ್ಟಿ ಹಗಲು ಕರಗುವಾಗ ಕ್ಲೋವರ್ ಎರಚಿದರೆ ಮಣ್ಣೇ ಬಿರಿದು ಬೀಜವನ್ನು ಒಳಗೆಳೆದುಕೊಳ್ಳುತ್ತದೆ. ಖಾಲಿ ಜಾಗ ತುಂಬಲು ನನಗೆ ಅದಕ್ಕಿಂತ ಒಳ್ಳೆಯ ಕಾಲ ಸಿಕ್ಕಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ, ಒಂದು ಮೂಟೆ ಜೋಳ ಸುರಿದರೆ ಆಗಲ್ವಾ ಅಂತ ಕೆಲವರು ಕೇಳುತ್ತಾರೆ. ದಯವಿಟ್ಟು ಸುರಿಯಬೇಡಿ. ಜಿಂಕೆ ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಕಾಲದ ಆಹಾರಕ್ಕೆ ಹೊಂದಿಕೊಂಡಿರುತ್ತವೆ. ಚಳಿಗಾಲದಲ್ಲಿ ಕಡ್ಡಿ, ತೊಗಟೆ ತಿನ್ನುತ್ತಿದ್ದ ಜಿಂಕೆಗೆ ಒಮ್ಮೆಲೇ ಹೊಟ್ಟೆ ತುಂಬ ಕಾಳು ಸಿಕ್ಕರೆ ಹೊಟ್ಟೆಯಲ್ಲಿ ಆಮ್ಲ ಏರಿ ಸಾಯಲೂಬಹುದು. ರಾಶಿಯ ಸುತ್ತ ಮೂತಿಗೆ ಮೂತಿ ತಾಗಿಸಿ ತಿನ್ನುವಾಗ ರೋಗ ಹರಡುವುದೂ ಸುಲಭ. ಜಿಂಕೆ ಜಾತಿಗೆ ಬರುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಕಾಯಿಲೆಯನ್ನು 1967ರಲ್ಲಿ ಅಮೆರಿಕದ ಕೊಲೊರಾಡೋದಲ್ಲಿ ಮೊದಲು ಕಂಡರು. ಅದಕ್ಕೆ ಮದ್ದಿಲ್ಲ. ಜೊಲ್ಲು, ಮೂತ್ರದಿಂದ ಹರಡುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಉದ್ದಕ್ಕೆ ಹರಡಿದ ಹಸಿರು ತಾಕಿನಲ್ಲಿ ಪ್ರಾಣಿಗಳು ಚದುರಿ ಮೇಯುತ್ತವೆ. ಆದರೂ ಅಂಥ ಕಾಯಿಲೆ ಇರುವ ಕಡೆ ಮೇವಿನ ತಾಕಿಗೂ ಕಟ್ಟುಪಾಡು ಇರಬಹುದು. ಬೀಜ ಕೊಳ್ಳುವ ಮೊದಲು ಅರಣ್ಯ ಅಥವಾ ವನ್ಯಜೀವಿ ಇಲಾಖೆಯವರನ್ನು ಕೇಳಿ. ರಸ್ತೆ ಪಕ್ಕದಲ್ಲಿ ತಾಕು ಮಾಡಲೇಬೇಡಿ. ಕಾಡಿನ ಒಳಗೆ, ಸಹಜ ಹುಲ್ಲುಗಾವಲಿನ ನಡುವೆ ಹೊರಗಿನ ಬೀಜ ಹಾಕಲೇಬೇಡಿ. ಆಗಲೇ ಮನುಷ್ಯರ ಕೈ ಬಿದ್ದು ಬಳಲಿದ ನೆಲ ಇದಕ್ಕೆ ಸರಿಯಾದ ಜಾಗ.

ಇನ್ನು ಕೊಳ್ಳುವ ಮಾತು. ರೆಡಿ ಚೀಲವೇ ಬೇಕು ಅನ್ನುವವರು ರೈಗ್ರಾಸ್ ಇಲ್ಲದ್ದನ್ನು ಹುಡುಕಿ. ರೈ ಧಾನ್ಯ, ಓಟ್ಸ್ ಅಥವಾ ಗೋಧಿ ಮೊದಲ ಸಾಲಿನಲ್ಲಿರಲಿ. ಮೊಳಕೆ ಪರೀಕ್ಷೆ ಹಳೆಯದಾಗಿದ್ದರೆ ಬಿಡಿ. ಸಂಶಯ ಬಂದರೆ ನೂರು ಬೀಜ ಒದ್ದೆ ಕಾಗದದಲ್ಲಿ ಸುತ್ತಿಟ್ಟು ನೀವೇ ಎಣಿಸಿ. ತಾಕು ತೀರಾ ಚಿಕ್ಕದು, ಬೀಜವನ್ನು ಬಿಡಿಬಿಡಿಯಾಗಿ ಅಷ್ಟು ಕಡಿಮೆ ಯಾರೂ ಕೊಡುವುದಿಲ್ಲ ಅನ್ನುವವರಿಗೆ ಮಾತ್ರ ರೆಡಿ ಚೀಲದಿಂದ ಲಾಭ. ಉಳಿದವರು ರೈಯನ್ನು ಕಾಳು ಮಾರುವ ಕಡೆ, ಕ್ಲೋವರ್ ಅನ್ನು ಹುಲ್ಲುಗಾವಲು ಬೀಜ ಮಾರುವ ಕಡೆ ಕೊಳ್ಳಿ. ಜಿಂಕೆ ಚಿತ್ರ ಇಲ್ಲದ ಚೀಲದಲ್ಲಿ ಅದೇ ಬೀಜ ಕಡಿಮೆ ಬೆಲೆಗೆ ಸಿಗುತ್ತದೆ.

ನಾನು ಕಂಪನಿಗೆ ಬರೆದೆ. ರೈಗ್ರಾಸ್ ಯಾಕೆ ಇಷ್ಟು ಅಂತ ಕೇಳಿದೆ. ಮಣ್ಣು ಪರೀಕ್ಷೆ ಮತ್ತು ಹೊದಿಕೆಯ ಬಗ್ಗೆ ಎರಡು ಸಾಲು ಸೇರಿಸಿ ಅಂತಲೂ ಕೇಳಿಕೊಂಡೆ. ಬಂದ ಉತ್ತರದಲ್ಲಿ ಧನ್ಯವಾದ ಇತ್ತು, ಮುಂದಿನ ಖರೀದಿಗೆ ರಿಯಾಯಿತಿ ಇತ್ತು, ನನ್ನ ಪ್ರಶ್ನೆಗೆ ಉತ್ತರ ಇರಲಿಲ್ಲ. ರಿಯಾಯಿತಿ ಬಳಸಲಿಲ್ಲ. ಆ ಅರ್ಧಕ್ಕೆ ಈಗ ಟಾರ್ಪಾಲು ಹಾಸಿದ್ದೇನೆ. ಮುಂದಿನ ಮಳೆಗೆ ಅಲ್ಲೂ ರೈ ಮತ್ತು ಕ್ಲೋವರ್ ಹೋಗುತ್ತದೆ.